ಸತ್ತವರು ಬರುವ ಹೊತ್ತು

ರಜೆಗೆ ಬಂದಾಗಲೆಲ್ಲ ನೀವು ಮೊಮ್ಮಕ್ಕಳು ಸೇರಿ ನನ್ನ ಮೇಲೆ ಆಡುವ ಒಂದು ಆಟವಿದೆ. ಒಬ್ಬರು ಸೆರಗು ಹಿಡಿಯುತ್ತೀರಿ, ಇನ್ನೊಬ್ಬರು ಬಾಗಿಲಿಗೆ ಅಡ್ಡ ನಿಲ್ಲುತ್ತೀರಿ. ‘ಅಜ್ಜಾನ ಹೆಸರು ಹೇಳಬೇ ಅಜ್ಜಿ, ಹೇಳಿದ್ರಷ್ಟ ಬಿಡ್ತೀವಿ’ ಅನ್ನುತ್ತೀರಿ. ನಾನು ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಅಜ್ಜಿ ಹಳೆಯ ಕಾಲದವಳು, ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವಳು ಎಂದು ನಿಮ್ಮ ಅವ್ವ ನಿಮಗೆ ಹೇಳಿದ್ದಾಳೆ. ಅದು ನಿಜ. ಆದರೆ ಆ ಹೆಸರನ್ನು ನಾನು ಒಂದು ಸಲ ಹೇಳಿದ್ದೇನೆ. ಗಟ್ಟಿಯಾಗಿ, ಜನರ ಎದುರಿಗೆ, ನಮ್ಮೂರ ಶಾಲೆಯಲ್ಲಿ, ಪಾರ್ಲಿಮೆಂಟಿನ ಓಟು ನಡೆದ ದಿನ. ಇದನ್ನು ಬಾಯಿಂದ ಹೇಳಲು ನನ್ನಿಂದ ಆಗದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ದೇವದುರ್ಗದ ಕಡೆಯ ಒಂದು ಹಳ್ಳಿ. ಅಲ್ಲಿಯ ಶಾಲೆಯಲ್ಲೇ ಏಳನೆಯ ತರಗತಿಯವರೆಗೆ ಓದಿದೆ. ಮಾಸ್ತರರು ಹಾಜರಿ ಕರೆದಾಗ ‘ಹಾಜರ್’ ಎನ್ನಲೂ ನನ್ನ ದನಿ ಏಳುತ್ತಿರಲಿಲ್ಲ, ಪಕ್ಕದಲ್ಲಿ ಕೂತ ಹುಡುಗಿ ನನ್ನ ಪರವಾಗಿ ಕೂಗುತ್ತಿದ್ದಳು. ಮದುವೆಯಾಗಿ ಕವಿತಾಳದಿಂದ ಮಾನ್ವಿಗೆ ಹೋಗುವ ರಸ್ತೆಯ ಈ ಊರಿಗೆ ಬಂದ ದಿನ, ಹೊಸಿಲಲ್ಲಿ ಹೆಂಗಸರು ಅಡ್ಡ ನಿಂತು ಒಡಪು ಕಟ್ಟಿ ಗಂಡನ ಹೆಸರು ಹೇಳು ಎಂದು ಕಾಡಿದರು. ನಾನು ತಲೆ ಬಗ್ಗಿಸಿ ನಿಂತೇ ಇದ್ದೆ. ಕಾಲು ನೋಯತೊಡಗಿದ ಅತ್ತೆ ಕೊನೆಗೆ ‘ಬಿಡ್ರೆ, ಈ ಮೂಗಿ ನಮ್ಮ ಪಾಲಿಗೇ ಬಂದಾಳ’ ಎಂದು ಮಗನ ಹೆಸರನ್ನು ತಾನೇ ಹೇಳಿ ಒಳಗೆ ಕರೆದುಕೊಂಡಳು. ಅಂದು ಹೇಳದ ಹೆಸರನ್ನು ಅವರಿರುವ ತನಕ ಹೇಳಲಿಲ್ಲ.

ನಿಮ್ಮಜ್ಜ ಭತ್ತದ ಗದ್ದೆಯ ಮನುಷ್ಯ. ಆದರೆ ಎಲೆಕ್ಷನ್ ಬಂದರೆ ಅವರು ಬೇರೆಯೇ ಆಗುತ್ತಿದ್ದರು. ತಮ್ಮ ಪಕ್ಷದ ಪರವಾಗಿ ಬೂತಿನ ಒಳಗೆ ಏಜೆಂಟ್ ಆಗಿ ಕೂರುತ್ತಿದ್ದರು. ಓಟು ಹಾಕಲು ಬಂದವರ ಹೆಸರನ್ನು ಅಧಿಕಾರಿ ಗಟ್ಟಿಯಾಗಿ ಓದಿದಾಗ ಬಂದವರು ಅವರೇ ಹೌದೋ ಅಲ್ಲವೋ ಎಂದು ಮುಖ ನೋಡಿ ಹೇಳುವ ಕೆಲಸ ಅದು. ಅವರಿಗೆ ಓದು ಅಷ್ಟಕ್ಕಷ್ಟೆ. ಓಟಿಗೆ ಮುಂಚಿನ ಸಂಜೆಗಳಲ್ಲಿ ಕಟ್ಟೆಯ ಮೇಲೆ ಕೂತು ನಾನು ಮತದಾರರ ಪಟ್ಟಿ ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಒಬ್ಬೊಬ್ಬರ ಮುಖ ನೆನೆಸಿಕೊಳ್ಳುತ್ತಿದ್ದರು. ‘ಈಕಿ ತವರಿಗಿ ಹೋಗ್ಯಾಳ. ಇವ ಬೆಂಗಳೂರಾಗ ಕಟ್ಟಡದ ಕೆಲ್ಸಕ್ಕ ಹೋಗ್ಯಾನ. ಈ ಮುದುಕ ಹೋಗಿಬಿಟ್ಟ, ಪಾಪ.’ ಅವರ ಹೆಸರು ಬಂದಲ್ಲಿ ನಾನು ‘ನೀವು’ ಎನ್ನುತ್ತಿದ್ದೆ. ನನ್ನದು ಬಂದಲ್ಲಿ ‘ನಾನು’. ಅವರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

ಓಟಿನ ದಿನ ಅವರು ಮದುವೆ ಮುಂಜಿಗೆ ತೊಡುವ ಬೂದು ಬಣ್ಣದ ಜಾಕೀಟು ತೊಡುತ್ತಿದ್ದರು. ಎಂಥ ಬಿಸಿಲಿದ್ದರೂ ಸರಿ. ಅದರ ಬೆನ್ನಿನ ಮೇಲೆ ಮೊಳೆ ತಾಗಿ ಹರಿದಿದ್ದ ಕಡೆ, ಬೂದು ದಾರ ಸಿಗದೆ ನಾನು ಕರಿ ದಾರದಲ್ಲಿ ಹೊಲಿದಿದ್ದೆ. ಮಧ್ಯಾಹ್ನ ಊಟಕ್ಕೆ ಅವರು ಏಳುತ್ತಿರಲಿಲ್ಲ. ನಾನು ಕಳಿಸಿದ ರೊಟ್ಟಿ ಹಾಗೇ ವಾಪಸು ಬರುತ್ತಿತ್ತು. ಒಮ್ಮೆ ಜಗಳ ತೆಗೆದೆ.

‘ಒಂದು ತುತ್ತು ಉಂಡು ಬಂದ್ರ ಸರ್ಕಾರ ಬೀಳ್ತದೇನು?’

‘ಲೇ ಹುಚ್ಚಿ, ಉಣ್ಣೋ ಹೊತ್ತು ಅದಲ್ಲ, ಅದು ಸತ್ತವರು ಬರೋ ಹೊತ್ತು. ಏಜೆಂಟ್ ರೊಟ್ಟಿ ಮುರಿಯಾಕ ಎದ್ದ ಅಂದ್ರ ಸಾಕು, ಸಮಾಧಿಯಿಂದ ಎದ್ದು ಬಂದು ಓಟ್ ಹಾಕಿ ಹೋಗ್ತಾರ. ನಾ ಕುಂತಿರೋತನಕ ನಮ್ಮ ಬೂತಿನ್ಯಾಗ ಸತ್ತವರದು ನಡಿಯಂಗಿಲ್ಲ.’

ಅದು ಬರೀ ಮಾತಲ್ಲ. ತಮ್ಮ ಪಕ್ಷದವರೇ ಊರು ಬಿಟ್ಟುಹೋದವನ ಹೆಸರಲ್ಲಿ ಇನ್ನೊಬ್ಬನನ್ನು ಕಳಿಸಿದಾಗ ಇವರು ಅವನನ್ನು ತಡೆದು ಹೊರಗೆ ಕಳಿಸಿದ್ದರು. ಮುಖಂಡರು ಬಹಳ ದಿನ ಮಾತು ಬಿಟ್ಟಿದ್ದರು. ನಿಮ್ಮಜ್ಜ ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಆದರೆ ಆ ಸಂಜೆ ಮನೆಗೆ ಬಂದು ಉಂಡ ಊಟದ ರುಚಿಯೇ ಬೇರೆ ಇತ್ತು ಎಂದು ನನಗೆ ಗೊತ್ತು, ಬಡಿಸಿದವಳು ನಾನು.

ಅವರು ಹೋದದ್ದು ಆ ಪಾರ್ಲಿಮೆಂಟಿನ ಎಲೆಕ್ಷನ್ನಿಗೆ ಸ್ವಲ್ಪ ಮುಂಚೆ, ಚಳಿಗಾಲದಲ್ಲಿ. ಗದ್ದೆಯಿಂದ ಬಂದು, ಎದೆ ಬಿಗೀತದ ಎಂದು ಕೂತವರು ಏಳಲಿಲ್ಲ. ದಿವಸದ ಕಾರ್ಯ ಮುಗಿದ ಮೇಲೆ ಹೋದವರ ಬಟ್ಟೆಯನ್ನು ಅವರ ಒಡನಾಡಿಗಳಿಗೆ ಕೊಡುವುದು ನಮ್ಮಲ್ಲಿ ಪದ್ಧತಿ. ಹಾಗೆ ಕೊಟ್ಟದ್ದು ಮತ್ತೆ ಆ ಮನೆಯ ಹೊಸಿಲು ದಾಟಿ ಬರಬಾರದು. ಜಾಕೀಟನ್ನು ನಾನು ಕಾಲುವೆಯ ತೂಬಿನವನಿಗೆ ಕೊಟ್ಟೆ. ಅವನು ನಮ್ಮ ಗದ್ದೆಗಳಿಗೆ ನೀರು ಬಿಡುವ ಮನುಷ್ಯ, ನಿಮ್ಮಜ್ಜನ ಗೆಳೆಯ, ಅವರಷ್ಟೇ ಎತ್ತರದವನು. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ಮನೆಯಲ್ಲಿ ಅವರದು ಒಂದೂ ನೆಟ್ಟಗಿನ ಫೋಟೊ ಇರಲಿಲ್ಲ. ಮೈದುನನ ಮಗ ಓಟಿನ ಕಾರ್ಡಿನಲ್ಲಿದ್ದ ಫೋಟೊವನ್ನೇ ದೊಡ್ಡದು ಮಾಡಿಸುತ್ತೇನೆಂದು ಕಾರ್ಡನ್ನು ರಾಯಚೂರಿನ ಸ್ಟುಡಿಯೋಕ್ಕೆ ಒಯ್ದ. ಕಟ್ಟು ಹಾಕಿದ ಫೋಟೊ ಬಂತು. ಈಗ ನೀವು ಪಡಸಾಲೆಯಲ್ಲಿ ನೋಡುತ್ತೀರಲ್ಲ, ಅದೇ. ಹತ್ತಿರ ಹೋದರೆ ಬರೀ ಚುಕ್ಕೆ, ರುಮಾಲು ಮೀಸೆ ಇರುವ ಯಾರಾದರೂ ಆಗಬಹುದು. ದೂರ ನಿಂತರೆ ಮಾತ್ರ ಅವರು. ಫೋಟೊ ಬಂತು, ಕಾರ್ಡು ಬರಲಿಲ್ಲ. ಕೇಳಿದರೆ ‘ಸ್ಟುಡಿಯೋದಾಗ ಉಳದದ ದೊಡ್ಡವ್ವ, ತರ್ತೀನಿ’ ಎಂದ. ಅಜ್ಜನ ಕುರ್ಚಿಯಲ್ಲಿ ಈಗ ಏಜೆಂಟ್ ಆಗಿ ಕೂರುವವನೂ ಅವನೇ ಎಂದು ಆಗಲೇ ತೀರ್ಮಾನವಾಗಿತ್ತು.

ಆ ಸಲದ ಚುನಾವಣೆಯ ಬಿಗಿಯನ್ನು ನಾನು ಮೊದಲು ಕಂಡಿರಲಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಅಕ್ಕಿ ಮಿಲ್ಲಿನ ಅಂಗಳದಲ್ಲಿ ಅದೇ ಮಾತು. ಎರಡೂ ಕಡೆಯವರು ಮುಂಬೈಗೆ ದುಡಿಯಲು ಹೋದವರನ್ನು ವಾಹನ ಮಾಡಿ ಕರೆತಂದರು. ಹಾಸಿಗೆ ಹಿಡಿದವರನ್ನು ಎತ್ತಿಕೊಂಡು ಹೋಗುವ ಏರ್ಪಾಡು ಮಾಡಿದರು. ಒಂದು ಸಂಜೆ ಮೈದುನನ ಮಗನ ಜೊತೆ ಮಾನ್ವಿಯಿಂದ ಪಕ್ಷದ ಮುಖಂಡರು ನಮ್ಮ ಮನೆಗೆ ಬಂದರು. ನಾನು ಬಾಗಿಲ ಹಿಂದೆ ನಿಂತೆ. ಅವರು ಫೋಟೊಕ್ಕೆ ಕೈ ಮುಗಿದು ಮಂಚದ ಮೇಲೆ ಕೂತರು.

‘ಯವ್ವಾ, ಈ ಸಲ ಕೂದಲೆಳಿಯಷ್ಟು ಫರಕು ಅದ. ಯಜಮಾನ್ರ ಹೆಸರು ಇನ್ನಾ ಪಟ್ಟಿಯಾಗ ಉಳದದ, ತಗದಿಲ್ಲ. ಜೀವ ಇರೋತನಕ ಪಕ್ಷಕ್ಕ ದುಡದ್ರು. ಕಡೀದೊಂದು ಓಟೂ ಪಕ್ಷಕ್ಕ ಬಿದ್ರ ಅವರ ಆತ್ಮಕ್ಕ ಎಷ್ಟು ಸಮಾಧಾನ ಆದೀತು, ನೀವ ಹೇಳ್ರಿ.’

‘ಬ್ಯಾಡ್ರಿ’ ಎಂದೆ.

‘ಏನಂದ್ರು?’ ಎಂದು ಅವರು ಮೈದುನನ ಮಗನನ್ನು ಕೇಳಿದರು.

‘ಆಕಿ ಹಂಗ ರೀ. ಚಾ ಕುಡೀ ಅಂದ್ರೂ ಮೊದಲು ಬ್ಯಾಡ ಅಂತಾಳ.’

ನಾನು ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡು ಇನ್ನೊಮ್ಮೆ ಹೇಳಿದೆ. ‘ಬ್ಯಾಡ್ರಿ. ಅವರಿಗಿ ಸೇರತಿದ್ದಿಲ್ಲ.’

‘ಆತು ಬಿಡ್ರಿ ಯವ್ವಾ, ನಿಮ್ಮ ಮನಸ್ಸಿಗಿ ಬ್ಯಾಡಾದದ್ದು ಏನೂ ಆಗಂಗಿಲ್ಲ’ ಎಂದು ಎದ್ದರು. ಅವರು ಹೋದ ಮೇಲೆ ನಾನು ಫೋಟೊದ ಎದುರು ದೂರಕ್ಕೆ ನಿಂತು ನೋಡಿದೆ. ಜೀವಮಾನ ಪೂರ್ತಿ ಆ ಕುರ್ಚಿಯಲ್ಲಿ ಹಸಿದು ಕೂತು ಅವರು ಕಾಪಾಡಿದ್ದು ಒಂದೇ ಒಂದು. ಅದನ್ನು ಅವರ ಹೆಸರಿನಿಂದಲೇ ಮುರಿಯಬಾರದು. ನನಗೆ ಬೇಕಾಗಿದ್ದದ್ದು ಅಷ್ಟೆ.

ಓಟಿನ ದಿನ ನಾನು ಬೆಳಿಗ್ಗೆ ಹೋಗಲಿಲ್ಲ. ಗಂಡ ಹೋದ ಮೇಲೆ ಜನರ ನಡುವೆ ನಿಲ್ಲಲು ಇನ್ನಷ್ಟು ಸಂಕೋಚ. ಊಟದ ಹೊತ್ತಿಗೆ ಹೊರಟೆ, ಆಗ ಸಾಲು ಇರುವುದಿಲ್ಲ ಎಂದು. ಕಾಲುವೆಗೆ ನೀರು ಬಂದ್ ಆಗಿ ಬಹಳ ದಿನವಾಗಿತ್ತು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬಿಸಿಲು ಎಷ್ಟಿತ್ತೆಂದರೆ ಶಾಲೆಯ ಗೋಡೆ ನೀರಿನಲ್ಲಿ ಕಂಡ ಹಾಗೆ ನಡುಗುತ್ತಿತ್ತು.

ಆ ನಡುಗುವ ಬೆಳಕಿನಲ್ಲಿ, ನನ್ನಿಂದ ಸ್ವಲ್ಪ ಮುಂದೆ, ಅವರು ನಡೆದು ಹೋಗುತ್ತಿದ್ದರು.

ಬೂದು ಜಾಕೀಟು, ಬೆನ್ನ ಮೇಲೆ ಕರಿ ದಾರ, ತಲೆಗೆ ರುಮಾಲು. ಬೇವಿನ ನೆರಳು ದಾಟಿ ಮತ್ತೆ ಬಿಸಿಲಿಗೆ ಬಂದರು, ಗೇಟಿನಲ್ಲಿ ಕೂತ ಪೊಲೀಸನಿಗೆ ತಲೆಯಾಡಿಸಿ ಒಳಗೆ ಹೋದರು. ನಿಮಗೆ ಇದು ವಿಚಿತ್ರ ಅನ್ನಿಸಬಹುದು, ನನಗೆ ಹೆದರಿಕೆ ಆಗಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡೆ. ಇಷ್ಟು ಹೊತ್ತಾದರೂ ಉಣ್ಣದೆ ಬಂದಾರಲ್ಲ ಎಂದು ಸಿಟ್ಟು ಬಂತು. ಜಾಕೀಟು ಕೊಟ್ಟದ್ದು, ಮಣ್ಣು ಹಾಕಿದ್ದು ಯಾವುದೂ ಆ ಗಳಿಗೆಯಲ್ಲಿ ನೆನಪಿಲ್ಲ. ನಾನು ಅವರ ಹಿಂದೆ ಹಿಂದೆ ನಡೆದೆ, ಮದುವೆಯಾದಾಗಿನಿಂದ ನಡೆದ ಹಾಗೆ.

ಬೂತಿನ ಕೋಣೆ ನಿಮ್ಮ ಅವ್ವ ಓದಿದ ಕೋಣೆ. ಹೊರಗಿನ ಬೆಳಕಿನಿಂದ ಒಳಗೆ ಹೋದದ್ದಕ್ಕೆ ಕಣ್ಣಿಗೆ ಕತ್ತಲೆ ಕವಿಯಿತು. ನಾನು ಬಾಗಿಲಲ್ಲೇ ನಿಂತೆ. ಎದುರಿನ ಪಕ್ಷದ ಏಜೆಂಟನ ಕುರ್ಚಿ ಖಾಲಿ, ಅವನು ಉಣ್ಣಲು ಎದ್ದು ಹೋಗಿದ್ದ. ನಮ್ಮ ಕುರ್ಚಿಯಲ್ಲಿ ಮೈದುನನ ಮಗ ಕೂತಿದ್ದ. ಮೇಜಿನ ಹಿಂದೆ ರಾಯಚೂರಿನಿಂದ ಬಂದ ಶಿಕ್ಷಕಿಯೊಬ್ಬಳು ಅಧಿಕಾರಿಯಾಗಿದ್ದಳು. ಅವಳು ಕಾರ್ಡು ನೋಡಿದಳು, ಪಟ್ಟಿಯ ಮೇಲೆ ಬೆರಳಾಡಿಸಿದಳು, ಹೆಸರನ್ನು ಗಟ್ಟಿಯಾಗಿ ಓದಿದಳು. ನಿಮ್ಮ ಅಜ್ಜನ ಹೆಸರನ್ನು.

‘ಹೌದ್ರಿ’ ಎಂದಿತು ಜಾಕೀಟು.

ಆ ದನಿ ಅವರದಲ್ಲ. ತಂಬಾಕು ತಿಂದು ಒಡೆದ ದನಿ, ತೂಬಿನವನದು. ಆ ಒಂದು ಶಬ್ದದಿಂದ ನಿಮ್ಮಜ್ಜ ನನ್ನ ಎದುರಿಗೆ ಎರಡನೇ ಸಲ ಹೋದರು. ಪಕ್ಕದ ಮೇಜಿನವನು ಶಾಯಿಯ ಕಡ್ಡಿ ಎತ್ತಿದ್ದ. ತೂಬಿನವನು ಬೆರಳು ಚಾಚಿದ್ದ.

‘ಅಲ್ಲರಿ’ ಎಂದೆ.

ಎಲ್ಲರೂ ತಿರುಗಿದರು. ‘ಏನಮ್ಮ?’ ಎಂದಳು ಶಿಕ್ಷಕಿ.

‘ಇವರು ಅವರಲ್ಲರಿ.’

ಮೈದುನನ ಮಗ ಎದ್ದು ನಿಂತ. ‘ದೊಡ್ಡವ್ವ, ಹೊರಗ ನೆಳ್ಳಾಗ ಕುಂದ್ರು ಹೋಗು. ಮೇಡಂ, ಆಕಿಗಿ ಬಿಸಿಲು ಬಡದದ. ನೀವು ನಡಸ್ರಿ.’

‘ತಡೀರಿ’ ಎಂದು ಅವಳು ನನ್ನ ಕಡೆ ನೋಡಿದಳು. ‘ಯಾರು ಯಾರಲ್ಲ ಅಮ್ಮ? ಸರಿಯಾಗಿ ಹೇಳ್ರಿ.’

‘ಈಗ ಓದಿದ್ರಲ್ರಿ, ಅವರು. ಅವರು ನಮ್ಮನಿಯವರು. ಇಲ್ಲರಿ ಈಗ.’

‘ನಿಮ್ಮ ಮನೆಯವರ ಹೆಸರೇನು?’

ನಾನು ಬಾಯಿಗೆ ಸೆರಗು ಅಡ್ಡ ಹಿಡಿದೆ. ಮೈದುನನ ಮಗ ನಕ್ಕ. ಅವನ ಮುಖದ ಮೇಲೆ ನಿರಾಳ ಕಂಡಿತು. ‘ನಮ್ಮ ಕಡಿ ಹಳೀ ಹೆಣ್ಮಕ್ಳು ಗಂಡನ ಹೆಸರು ಹೇಳಂಗಿಲ್ರಿ ಮೇಡಂ. ನೀವು ಸಂಜೀತನಕ ಕೇಳಿದ್ರೂ ಆಕಿ ಹೇಳಾಕಿ ಅಲ್ಲ.’

‘ನೀವು ಹೆಸರು ಹೇಳದೆ ನಾನು ಏನೂ ಮಾಡೋಕೆ ಬರೋದಿಲ್ಲಮ್ಮ’ ಎಂದಳು ಅವಳು. ಜೋರು ಮಾಡಲಿಲ್ಲ. ಅವಳೂ ಹೆಂಗಸು, ಅವಳಿಗೆ ಗೊತ್ತಿತ್ತು. ಆದರೆ ಬೇರೆ ದಾರಿ ಇರಲಿಲ್ಲ.

ನಾನು ನಿಮ್ಮಜ್ಜನ ಹೆಸರು ಹೇಳಿದೆ. ಅವರ ಅಪ್ಪನ ಹೆಸರನ್ನೂ ಸೇರಿಸಿ ಹೇಳಿದೆ. ‘ಅವರು ಸತ್ತಾರರಿ’ ಎಂದೆ.

ನನ್ನ ದನಿ ಎಷ್ಟು ಗಟ್ಟಿಯಾಗಿ ಬಂತೆಂದರೆ ಗೇಟಿನ ಪೊಲೀಸ ಎದ್ದು ಬಂದ. ಅವರ ಆಯುಷ್ಯ ಉಳಿಯಲಿ ಎಂದು ಬಾಯಲ್ಲಿ ಕಟ್ಟಿಟ್ಟ ಹೆಸರನ್ನು ಅವರು ಸತ್ತಿದ್ದಾರೆ ಎಂದು ಹೇಳುವುದಕ್ಕೇ ಬಿಚ್ಚಿದೆ. ನಾಲಿಗೆಗೆ ಅದು ಪರಕೀಯವಾಗಿತ್ತು, ಬೇರೆ ಯಾರದೋ ಗಂಡನನ್ನು ಕರೆದ ಹಾಗೆ.

ತೂಬಿನವನು ಬೆರಳು ಹಿಂದಕ್ಕೆ ತೆಗೆದುಕೊಂಡ. ‘ಯವ್ವಾ, ನೀನ ಒಪ್ಪೀದಿ ಅಂತ ಹೇಳಿದ್ರು ನನಗ. ಅಣ್ಣನ ಕಡೀ ಆಶಾ ಅಂದ್ರು. ಅಣ್ಣನ ಹೆಸರ್ಲೆ ಹಾಕೋದು ಅಂದ ಮ್ಯಾಲ ನನ್ನ ಅಂಗ್ಯಾಗ ಬರಬಾರ್ದು ಅಂತ ಇದನ್ನ ಹಾಕ್ಕೊಂಡು ಬಂದೆ.’ ಅವನು ಮಡಿ ಉಟ್ಟು ಬಂದವನ ಹಾಗೆ ಬಂದಿದ್ದ. ಮೋಸ ಮಾಡಲು ಬಂದವನು ಗುರುತು ಸಿಗುವ ಬಟ್ಟೆ ತೊಟ್ಟು ಬರುತ್ತಾನೆಯೇ? ಅಲ್ಲಿಯೇ ಜಾಕೀಟು ಬಿಚ್ಚತೊಡಗಿದ. ‘ಬಿಚ್ಚಬ್ಯಾಡ, ಹಂಗ ಹೋಗು’ ಎಂದೆ.

ಶಿಕ್ಷಕಿ ಮೇಲಿನ ಅಧಿಕಾರಿಯನ್ನು ಕರೆದಳು. ಅವರು ತೂಬಿನವನಿಗೆ ಬುದ್ಧಿ ಹೇಳಿ ಕಳಿಸಿದರು, ಅಜ್ಜನ ಕಾರ್ಡನ್ನು ತೆಗೆದಿಟ್ಟುಕೊಂಡರು, ಮೈದುನನ ಮಗನನ್ನು ಕುರ್ಚಿಯಿಂದ ಎಬ್ಬಿಸಿದರು. ಆಮೇಲೆ ನನ್ನ ಬೆರಳಿಗೆ ಶಾಯಿ ಹಚ್ಚಿದರು. ರಟ್ಟಿನ ಮರೆಗೆ ಹೋಗಿ ನಿಂತೆ. ‘ಅದರೊಳಗ ನೀನು, ನಿನ್ನ ಶಿವ, ಮೂರನೇದವರು ಯಾರೂ ಇಲ್ಲ’ ಎಂದು ನಿಮ್ಮಜ್ಜ ಹೇಳುತ್ತಿದ್ದರು, ಯಾರಿಗೆ ಹಾಕಿದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಆ ದಿನ ಮೂರನೆಯವರು ಇದ್ದರು. ಕಿವಿಯ ಹಿಂದೆ ಉಸಿರು ತಾಗುವಷ್ಟು ಹತ್ತಿರ. ಗುಂಡಿ ಒತ್ತಿದೆ. ಯಂತ್ರ ಉದ್ದಕ್ಕೆ ಕೂಗಿತು, ನಿಲ್ಲುವುದೇ ಇಲ್ಲವೇನೋ ಅನ್ನಿಸಿತು.

ಎಣಿಕೆಯ ದಿನ ನಾನು ರಾಯಚೂರಿನಲ್ಲಿ ನಿಮ್ಮ ಮನೆಯಲ್ಲಿದ್ದೆ. ನೀವು ಆಗ ಸಣ್ಣವರು, ಟಿವಿಗೆ ಅಡ್ಡ ಓಡಾಡಿ ಬೈಸಿಕೊಳ್ಳುತ್ತಿದ್ದಿರಿ. ದೇವದುರ್ಗದ ಪೆಟ್ಟಿಗೆ ತೆರೆದಾಗ ಒಬ್ಬರು ಮುಂದೆ, ಮಾನ್ವಿಯದು ಬಂದಾಗ ಇನ್ನೊಬ್ಬರು. ನನ್ನ ತವರೊಂದು ಕಡೆ, ಗಂಡನ ಊರೊಂದು ಕಡೆ ಹಿಡಿದು ಎಳೆದ ಹಾಗೆ. ಕೊನೆಗೆ ನಿಮ್ಮಜ್ಜನ ಪಕ್ಷ ಸೋತಿತು. ಅಷ್ಟಗಲದ ಕ್ಷೇತ್ರದಲ್ಲಿ ಒಂದೆರಡು ಹಳ್ಳಿಗೆ ಸಾಲುವಷ್ಟು ಓಟಿನಿಂದ. ಬೀದಿಯಲ್ಲಿ ಪಟಾಕಿ ಹೊಡೆದರು. ನಿಮ್ಮವ್ವನ ಫೋನು ಬಡಿದುಕೊಂಡಿತು, ಮೈದುನನ ಮಗ ನನ್ನನ್ನೇ ಕೇಳಿ ಮಾತಾಡಿದ.

‘ಖುಷಿ ಆತೇನು ದೊಡ್ಡವ್ವ?’

‘ಒಂದು ಓಟಿಲೆ ಸೋತಿಲ್ಲಲ್ಲೋ ಯಪ್ಪಾ.’

‘ಒಂದಂತ ತಿಳದೀಯೇನು? ನೀ ಒದರಿದ ಮ್ಯಾಲ ಬೂತ್ ಬಿಗಿ ಮಾಡಿದ್ರು. ಸುದ್ದಿ ಬಾಜೂ ಊರಿಗಿ ಹಬ್ಬಿ ಅಲ್ಲೂ ಬಿಗಿ ಆತು. ಎಷ್ಟು ಮಂದಿ ತಿರುಗಿ ಹೋದ್ರು ನಿನಗೇನು ಗೊತ್ತು? ದೊಡ್ಡಪ್ಪ ಇದ್ದಿದ್ರ ಇವತ್ತು ಗೋಡಿಗಿ ತಲಿ ಬಡಕೊಂತಿದ್ದ.’

ಅವನು ಫೋನಿಟ್ಟ. ಅವನ ಮಾತು ನಿಜವೋ ಸುಳ್ಳೋ ನನಗೆ ಇಂದಿಗೂ ಗೊತ್ತಿಲ್ಲ. ಸೋತ ಸಿಟ್ಟಿಗೆ ಹೇಳಿರಬಹುದು. ಆದರೆ ಅಂದಿನಿಂದ ಒಂದು ಚಿತ್ರ ನನ್ನನ್ನು ಬಿಟ್ಟಿಲ್ಲ. ಉರಿಬಿಸಿಲಿನಲ್ಲಿ ಶಾಲೆಯ ಗೋಡೆಗುಂಟ ಒಂದು ಸಾಲು. ಎಲ್ಲ ನಮ್ಮ ಸುತ್ತಿನ ಊರುಗಳ ಸತ್ತವರು, ಯಾರಿಗೂ ನೆರಳಿಲ್ಲ. ತಮ್ಮ ಹೆಸರು ಕರೆಯಲಿ ಎಂದು ಕಾಯುತ್ತಿದ್ದಾರೆ. ನಿಮ್ಮಜ್ಜ ಸಾಲಿನಲ್ಲಿ ಇದ್ದಾರೋ, ಒಳಗೆ ಕುರ್ಚಿಯಲ್ಲಿ ಕೂತು ಅವರನ್ನು ವಾಪಸು ಕಳಿಸುತ್ತಿದ್ದಾರೋ ಎಷ್ಟು ನೋಡಿದರೂ ಕಾಣುವುದಿಲ್ಲ. ಅವರ ಮಾತು ಉಳಿಯಿತು, ಅವರ ಪಕ್ಷ ಸೋತಿತು. ಎರಡರಲ್ಲಿ ಯಾವುದು ಅವರಿಗೆ ದೊಡ್ಡದು ಎಂದು ಬದುಕಿದ್ದಾಗ ಕೇಳಿರಲಿಲ್ಲ. ಫೋಟೊದ ಮುಂದೆ ನಿಂತು ಕೇಳಿದ್ದೇನೆ. ಹತ್ತಿರ ಹೋದರೆ ಚುಕ್ಕೆಗಳಾಗುತ್ತಾರೆ.

ಊರಿಗೆ ವಾಪಸು ಬಂದಾಗ ನೀರಿನ ನಳದ ಹತ್ತಿರ ಹೆಂಗಸರು ಜಾಗ ಬಿಟ್ಟು ಸರಿದರು. ‘ಸರೀರವ್ವ, ಹೆಸರು ಹೇಳಿದಾಕಿ ಬಂದ್ಲು, ಮೊದಲು ಆಕಿ ಕೊಡ ತುಂಬಲಿ’ ಎಂದು ಒಬ್ಬಳು ಅಂದಳು. ಎಲ್ಲರೂ ನಕ್ಕರು. ಅವರ ನಗುವಿನಲ್ಲಿ ಹಗೆ ಇರಲಿಲ್ಲ, ಆದರೂ ನಾನು ಕೆಲವು ದಿನ ನೀರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋದೆ.

ತೂಬಿನವನು ಒಂದು ಮಧ್ಯಾಹ್ನ ಜಾಕೀಟನ್ನು ಮಡಚಿ ತಂದು ಅಂಗಳದಲ್ಲಿ ನಿಂತ. ‘ತಗೋ ಯವ್ವಾ, ನನಗ ಬ್ಯಾಡ. ಹಾಕ್ಕೊಂಡ್ರ ಮೈ ಸುಡ್ತದ.’ ಕೊಟ್ಟದ್ದು ಹೊಸಿಲು ದಾಟಿ ಬರಬಾರದಲ್ಲ, ನಾನು ಹೇಗೆ ತೆಗೆದುಕೊಳ್ಳಲಿ? ಅವನಿಗೂ ಅದು ಗೊತ್ತಿತ್ತು. ಹಾಗೇ ಮಡಚಿ ಹಿಡಿದುಕೊಂಡು ಹೋದ. ಅವನ ಮನೆಯಲ್ಲಿ ಇಡಲಾರ, ನನ್ನ ಮನೆಗೆ ತರಲಾರ. ಕಾಲುವೆಯ ಬದಿಗೆ ತೂಬಿನ ಚಕ್ರ ಇರುವ ಸಣ್ಣ ಕೋಣೆಯಲ್ಲಿ, ಮೊಳೆಗೆ ತೂಗುಹಾಕಿದ. ಈಗಲೂ ಅಲ್ಲೇ ಇದೆ. ಅವನು ಕೆಲಸ ಬಿಟ್ಟ ಮೇಲೆ ಬಂದವನೂ ಅದನ್ನು ಮುಟ್ಟಿಲ್ಲ. ಮಾನ್ವಿಯ ಬಸ್ಸು ಅಲ್ಲಿ ತಿರುವು ತೆಗೆದುಕೊಳ್ಳುವಾಗ, ಕೋಣೆಯ ಬಾಗಿಲು ತೆರೆದಿದ್ದರೆ, ಒಳಗೆ ಯಾರೋ ಬೆನ್ನು ತಿರುಗಿಸಿ ನಿಂತಂತೆ ಕಾಣುತ್ತದೆ. ನಾನು ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತೇನೆ. ಪಕ್ಕದಲ್ಲಿ ಕೂತವರು ಬಿಸಿಲಿಗೆ ಅಂದುಕೊಳ್ಳುತ್ತಾರೆ.

ಮುಂದಿನ ಚುನಾವಣೆಯ ಪಟ್ಟಿಯಿಂದ ಅವರ ಹೆಸರು ತೆಗೆದಿದ್ದರು. ಆ ಸಲವೂ ನಾನು ಊಟದ ಹೊತ್ತಿಗೇ ಹೋದೆ, ಬೇಕೆಂದೇ. ಏಜೆಂಟರು ಯಾರೂ ಎದ್ದಿರಲಿಲ್ಲ, ಕುರ್ಚಿಯಲ್ಲೇ ಕೂತು ಚುರುಮುರಿ ತಿನ್ನುತ್ತಿದ್ದರು. ನೋಡಿ ಸಮಾಧಾನವಾಯಿತು. ಅಧಿಕಾರಿ ಹೊಸ ಹುಡುಗ. ನನ್ನ ಹೆಸರು ಓದಿದ. ಅಲ್ಲಿಗೆ ನಿಲ್ಲಿಸಲಿಲ್ಲ. ನನ್ನ ಹೆಸರಿನ ಕೆಳಗೆ ಗಂಡನ ಹೆಸರು ಎಂದು ಇರುತ್ತದಲ್ಲ, ಅದನ್ನೂ ಗಟ್ಟಿಯಾಗಿ ಓದಿ ತಲೆ ಎತ್ತಿದ.

‘ಹೌದ್ರಿ’ ಎಂದೆ.

ಬಾಗಿಲ ಕಡೆ ಬೆಳಕು ಸ್ವಲ್ಪ ತಗ್ಗಿತು, ಯಾರೋ ಬಂದು ನಿಂತ ಹಾಗೆ. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಇನ್ಯಾರೋ ಆಗಿರುತ್ತಿದ್ದರು.

ಮಕ್ಕಳೇ, ಬಾಗಿಲಿಗೆ ಅಡ್ಡ ನಿಂತು ಅಜ್ಜನ ಹೆಸರು ಕೇಳುವ ನಿಮ್ಮ ಆಟ ಬಿಡಿ ಎಂದು ನಾನು ಹೇಳುವುದಿಲ್ಲ. ನೀವು ನಗುವುದು ನನಗೂ ಬೇಕು. ಬೆಳಿಗ್ಗೆ ಕೇಳಿ, ಸಂಜೆ ಕೇಳಿ. ಮಧ್ಯಾಹ್ನ ಉಣ್ಣುವ ಹೊತ್ತಿನಲ್ಲಿ ಮಾತ್ರ ಕೇಳಬೇಡಿ. ಆಗ ನಾನು ಹೆಸರು ಹೇಳಿ, ಬಾಗಿಲ ಕಡೆಯಿಂದ ಯಾರಾದರೂ ‘ಹೌದ್ರಿ’ ಅಂದರೆ, ಆ ದನಿ ಯಾರದೆಂದು ಗುರುತು ಹಿಡಿಯುವ ಶಕ್ತಿ ನನ್ನಲ್ಲಿ ಇನ್ನೊಮ್ಮೆಗೆ ಉಳಿದಿಲ್ಲ.